ತೊರೆದುಹೋದ ವಿಮಾನಗಳು

ಕೃಷ್ಣೆ ಘಟಪ್ರಭೆಗಳ ನಡುವಣ ನಾಡಿನಲ್ಲಿ, ಎಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ, ಹುಟ್ಟಿ ಬೆಳೆದ ಹುಡುಗರಿಗೆ ಬಾಲ್ಯದ ಮಹಾಪ್ರವಾಸವೆಂದರೆ ವಿಜಾಪುರವನ್ನು ನೋಡಿಬರುವುದು. ನಾನೂ ಹಾಗೆ ಹೋಗಿಬಂದವನೇ. ನನ್ನ ಅಜ್ಜ ರಬಕವಿಯಲ್ಲಿ ಕೈಮಗ್ಗದ ನೇಕಾರರಾಗಿದ್ದರು. ಅವರ ಕೈ ಹಿಡಿದುಕೊಂಡು ಗೋಳಗುಮ್ಮಟವನ್ನು ಹತ್ತಿ, ಎಲ್ಲರಂತೆ ಕೂಗಿ, ಮರುದನಿಯನ್ನು ಕೇಳಿ ಬೆರಗಾದದ್ದಾಯಿತು. ಆಮೇಲೆ ಊರಿನ ಪಡುವಣ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪಿನ ಬಳಿಗೆ ಬಂದೆವು. ಅಜ್ಜ ಅದರ ಮೈಯನ್ನು ಒಂದೆರಡು ಸಲ ಬೆರಳಿನಿಂದ ತಟ್ಟಿ, ಗಂಟೆಯಂತೆ ಹೊರಟ ನಾದವನ್ನು ಆಲಿಸಿ, "ತಮ್ಮಾ, ಇಷ್ಟ ದೊಡ್ಡ ತೋಪು, ಇದನ್ನೂ ಒಮ್ಮಿ ಮೋಡಕಾಕ್ಕ ಹಾಕಾಕ ಹೊಂಟಿದ್ರಂತ, ನೋಡು" ಎಂದರು.

ಅಜ್ಜನ ಮಾತು ಕಟ್ಟುಕಥೆಯಲ್ಲವೆಂಬುದು ನನಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಎರಕಗಾರನು ಎರೆದನು. ಅದರ ಉದ್ದ 14 ಅಡಿಗೂ ಮಿಕ್ಕಿದ್ದು. ತೂಕ ಸುಮಾರು 55 ಟನ್ನು. 1632ರಲ್ಲಿ ಅದು ವಿಜಾಪುರಕ್ಕೆ ಬಂದಿತು. ಆದಿಲಶಾಹಿ ಅಳಿಯಿತು, ಮೊಗಲರು ಬಂದುಹೋದರು, ಮರಾಠರು ಬಂದುಹೋದರು. 1848ರಲ್ಲಿ ಸಾತಾರಾ ರಾಜ್ಯವು ಕಂಪೆನಿ ಸರ್ಕಾರಕ್ಕೆ ಸೇರಿದಾಗ ವಿಜಾಪುರವೂ ಅದರೊಡನೆ ಸೇರಿತು. 1854ರಲ್ಲಿ ಸಾತಾರಾದ ಕಮಿಷನರು ಉಪಯೋಗಕ್ಕೆ ಬಾರದ ಹಳೆಯ ಸಾಮಾನುಗಳನ್ನೆಲ್ಲ ಮಾರಿಬಿಡುವಂತೆ ಆಜ್ಞೆ ಮಾಡಿದರು. ಆ ಸಾಮಾನುಗಳಲ್ಲಿ ಮಲಿಕ್-ಎ-ಮೈದಾನವೂ ಒಂದು! ಹರಾಜಿನಲ್ಲಿ ಬಂದ ಅತ್ಯಧಿಕ ಬೆಲೆ 150 ರೂಪಾಯಿ. ಆಗ ವಿಜಾಪುರದಲ್ಲಿದ್ದ ಸಹಾಯಕ ಅಧಿಕಾರಿಯು, ಈ ಬೆಲೆ ತೀರ ಅಲ್ಪವೆಂದೂ, ಜನರು ಈ ತೋಪನ್ನು ಪೂಜ್ಯಭಾವದಿಂದ ಕಾಣುತ್ತಾರೆಂದೂ ಮೇಲಕ್ಕೆ ಬರೆದುಕೊಂಡನು. ಮಾರಾಟ ನಿಂತಿತು. ಒಂದು ಕಾಗದದಿಂದ ಒಂದು ತೋಪು ಉಳಿಯಿತು.

ಶ್ರೋತೃಗಳೆ, ಯುದ್ಧಗಳ ಚರಿತ್ರೆಯನ್ನು ನಾವು ಬೇಕಾದಷ್ಟು ಓದಿದ್ದೇವೆ. ಯುದ್ಧ ಮುಗಿದ ಮೇಲೆ ಯುದ್ಧದ ಸಾಧನಗಳ ಗತಿ ಏನಾಯಿತೆಂಬುದನ್ನು ಮಾತ್ರ ನಾವು ಕೇಳುವುದು ಕಡಮೆ. ಅವಕ್ಕೆ ಮೂರು ಗತಿಗಳುಂಟು. ಕರಗಿ ಲೋಹವಾಗುವುದು ಒಂದು. ಮತ್ತೆ ಕೆಲಸಕ್ಕೆ ಬರುವುದು ಇನ್ನೊಂದು. ನೆನಪಿನ ವಸ್ತುವಾಗಿ ಉಳಿಯುವುದು ಮೂರನೆಯದು. ಈ ಮೂರು ಗತಿಗಳನ್ನೂ ಕಂಡ ಒಂದು ವಿಮಾನಸಮೂಹದ ಕಥೆಯನ್ನು ನಾನು ಈಗ ಹೇಳಹೊರಟಿದ್ದೇನೆ. ಕಥೆ ನಡೆದದ್ದು ಕಾನ್ಪುರದಲ್ಲಿ ಮತ್ತು ನಮ್ಮ ಬೆಂಗಳೂರಿನಲ್ಲಿ. ಕಾಲ 1948. ಅದೇ ವರ್ಷದ ಮಾರ್ಚಿಯಲ್ಲಿ ಪಟವರ್ಧನರ ಜಮಖಂಡಿ ಸಂಸ್ಥಾನವೂ ಘೋರ್ಪಡೆಯವರ ಮುಧೋಳ ಸಂಸ್ಥಾನವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಹಳೆಯ ವ್ಯವಸ್ಥೆ ಮುಗಿದು ಹೊಸದು ಇನ್ನೂ ನೆಲೆಗೊಳ್ಳದಿದ್ದ ಕಾಲವದು. ಹಿಂದಿನವರು ಬಿಟ್ಟುಹೋದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ದೇಶದ ಎಲ್ಲ ಕಡೆಯೂ ಎದ್ದಿದ್ದಿತು.

ಕಥೆ ತಿಳಿಯಬೇಕಾದರೆ ಬೆಂಗಳೂರಿನ ವಿಮಾನ ಕಾರಖಾನೆಯ ಹುಟ್ಟನ್ನು ಸ್ವಲ್ಪ ನೆನೆಯಬೇಕು. ಜಮಖಂಡಿಯ ಜನಕ್ಕೆ ಹತ್ತಿರದ ಪಟ್ಟಣವಾದ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು ಹಡಗು, ಸಕ್ಕರೆ, ಮೋಟಾರು ಮುಂತಾದ ಉದ್ಯಮಗಳಲ್ಲಿ ಕೈಯಿಟ್ಟ ಸಾಹಸಿಗಳು. ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಅವರು ವಿಲಿಯಂ ಪಾಲಿ ಎಂಬ ಅಮೆರಿಕದ ವ್ಯಾಪಾರಸ್ಥರೊಡನೆ ಸೇರಿ, ಭಾರತದಲ್ಲಿಯೇ ವಿಮಾನಗಳನ್ನು ಕಟ್ಟಬೇಕೆಂದು ಯೋಚಿಸಿದರು. ಆಗ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಅವರನ್ನು ಬೆಂಗಳೂರಿಗೆ ಕರೆದರು; ಮೈಸೂರು ಸರ್ಕಾರ ನೆಲವನ್ನು ಕೊಟ್ಟಿತು, ಬಂಡವಾಳದಲ್ಲಿಯೂ ಪಾಲುಗೊಂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪಿತವಾಯಿತು. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ಎಂಬ ಅಭ್ಯಾಸದ ವಿಮಾನ ಆಕಾಶಕ್ಕೇರಿತು. ಮರುವರ್ಷ ಜಪಾನೀಯರು ಬರ್ಮಾ ದೇಶವನ್ನು ಹಿಡಿದುಕೊಂಡಾಗ ಯುದ್ಧವು ನಮ್ಮ ಬಾಗಿಲಿಗೇ ಬಂದಂತಾಯಿತು. ಭಾರತ ಸರ್ಕಾರವು ವಾಲಚಂದರ ಪಾಲನ್ನು ಕೊಂಡು ಕಾರಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1943ರಲ್ಲಿ ಅದರ ಆಡಳಿತ ಅಮೆರಿಕದ ಸೈನ್ಯದ ವಾಯುದಳಕ್ಕೆ ಹೋಯಿತು.

ಈ ಎರಡು ವರ್ಷಗಳೇ ಬೆಂಗಳೂರಿನ ಕೆಲಸಗಾರರ ಪಾಠಶಾಲೆ. ಹೊಸ ವಿಮಾನಗಳನ್ನು ಕಟ್ಟುವ ಯೋಜನೆ ಹಿಂದೆ ಬಿದ್ದು, ಯುದ್ಧದಲ್ಲಿ ಸವೆದು ಪೆಟ್ಟುತಿಂದು ಬಂದ ವಿಮಾನಗಳನ್ನು ಸರಿಪಡಿಸುವುದೇ ಮುಖ್ಯ ಕಾರ್ಯವಾಯಿತು. ನೀರಿನ ಮೇಲೆ ಇಳಿಯಬಲ್ಲ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರಿನ ಕೆರೆಗೆ ಬಂದಿಳಿಯುತ್ತಿದ್ದುವು. ಅಲ್ಲಿಂದ ಅವನ್ನು ಮೇಲೆಳೆದು ಕಾರಖಾನೆಗೆ ತರುತ್ತಿದ್ದರು. ಎಂಜಿನನ್ನು ಬಿಚ್ಚುವುದು, ತೊಳೆಯುವುದು, ಅಳೆಯುವುದು, ಸವೆದ ಭಾಗವನ್ನು ತೆಗೆದು ಹೊಸದನ್ನು ಕೂಡಿಸುವುದು, ಹರಿದ ತಗಡಿಗೆ ತೇಪೆ ಹಾಕಿ ರಿವೆಟ್ಟು ಬಡಿಯುವುದು: ಹೀಗೆ ದಿನವೂ ಮಾಡಿ ಮಾಡಿ ಕೈ ಪಳಗಿತು. ಯುದ್ಧ ಮುಗಿದು ಅಮೆರಿಕನರು ಹೊರಟುಹೋದರು. ಕಲಿತ ಕೈ ಇಲ್ಲಿಯೇ ಉಳಿಯಿತು. ಮುಂದಿನ ಕಥೆಗೆಲ್ಲ ಇದೇ ಮೂಲಧನ.

ಇನ್ನು ಕಥಾನಾಯಕನನ್ನು ಪರಿಚಯ ಮಾಡಿಕೊಡುತ್ತೇನೆ. ಅಮೆರಿಕದ ಕನ್ಸಾಲಿಡೇಟೆಡ್ ಕಂಪೆನಿಯವರು ನಿರ್ಮಿಸಿದ ಲಿಬರೇಟರ್ ಎಂಬ ಭಾರವಾದ ಬಾಂಬು ವಿಮಾನವೇ ಆತ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. ಮೂಗಿನಿಂದ ಬಾಲಕ್ಕೆ 67 ಅಡಿ. ಬಾಲದಲ್ಲಿ ಎರಡು ದೊಡ್ಡ ಹಲಗೆಗಳು. ರೆಕ್ಕೆಗಳಲ್ಲಿ ನಾಲ್ಕು ಎಂಜಿನುಗಳು. ಒಂದೊಂದು ಎಂಜಿನಿಗೂ 14 ಸಿಲಿಂಡರುಗಳು, 1200 ಕುದುರೆಗಳ ಶಕ್ತಿ. ಬಹುದೂರ ಹಾರಬಲ್ಲುದಾದ್ದರಿಂದ ಸಮುದ್ರಗಳ ಮೇಲಿನ ಕಾವಲಿಗೂ, ಬರ್ಮಾ ಸಯಾಮುಗಳ ಒಳನಾಡಿನ ಗುರಿಗಳಿಗೂ ಇದು ಅನುಕೂಲವಾಗಿದ್ದಿತು. 1939ರ ಡಿಸೆಂಬರಿನಲ್ಲಿ ಮೊದಲು ಹಾರಿದ ಈ ವಿಮಾನಗಳನ್ನು ಯುದ್ಧ ಮುಗಿಯುವುದರೊಳಗೆ 18,000ಕ್ಕೂ ಹೆಚ್ಚಾಗಿ ಕಟ್ಟಿದರು. ಬ್ರಿಟಿಷ್ ವಾಯುದಳವು ಭಾರತದಿಂದ ಹಾರಿಸಿದ ಲಿಬರೇಟರುಗಳೆಲ್ಲ ಅಮೆರಿಕದಿಂದ ಬಂದವೇ.

ಬಂದದ್ದು ಹೇಗೆ? ಕೊಂಡು ತಂದದ್ದಲ್ಲ, ಎರವು ತಂದದ್ದು. 1941ರ ಮಾರ್ಚಿಯಲ್ಲಿ ಅಮೆರಿಕವು ಲೆಂಡ್-ಲೀಸ್ ಎಂಬ ಕಾನೂನನ್ನು ಮಾಡಿ, ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿಯನ್ನು ಕೈಗಡವಾಗಿ ಕೊಡಲಾರಂಭಿಸಿತು. ಯುದ್ಧ ತೀರಿದ ಮೇಲೆ ಉಳಿದದ್ದನ್ನು ಹಿಂದಕ್ಕೆ ಕೊಡಬೇಕು, ಇಲ್ಲವೆ ಬಳಕೆಗೆ ಬಾರದಂತೆ ಮಾಡಬೇಕು. ನೆರೆಮನೆಯಿಂದ ಎರವು ತಂದ ಪಾತ್ರೆಯನ್ನು ಮದುವೆ ಮುಗಿದ ಮೇಲೆ ತೊಳೆದು ಕೊಡುವುದು ನಮ್ಮ ರೂಢಿ. ಇಲ್ಲಿ ಹಾಗಾಗಲಿಲ್ಲ. ಕೊಟ್ಟವನ ಮನೆಯಲ್ಲಿಯೇ ಸಾವಿರಾರು ವಿಮಾನಗಳು ಮಿಕ್ಕು ಕೊಳೆಯುತ್ತಿದ್ದುವು. ಅವನಿಗೆ ಇವು ಬೇಡ. ಇವನ್ನು ಅರ್ಧ ಭೂಮಂಡಲವನ್ನು ದಾಟಿಸಿ ಕಳುಹಿಸುವ ವೆಚ್ಚ ತಂದವನಿಗೂ ಬೇಡ. ಹೀಗಾಗಿ ಕಾನ್ಪುರದ ಚಕೇರಿಯಲ್ಲಿದ್ದ ಬ್ರಿಟಿಷ್ ವಾಯುದಳದ ದುರಸ್ತಿ ಕೇಂದ್ರದಲ್ಲಿ ಸುಮಾರು ನೂರು ಲಿಬರೇಟರುಗಳು ಸಾಲಾಗಿ ನಿಂತುವು. ಅವನ್ನು ಕೆಡಿಸುವ ಕೆಲಸ ಶ್ರದ್ಧೆಯಿಂದಲೇ ನಡೆಯಿತು. ಎಂಜಿನುಗಳಿಗೆ ಮರಳನ್ನು ಸುರಿದರೆಂದೂ, ಉಪಕರಣಗಳನ್ನು ಒಡೆದರೆಂದೂ, ಮೈಗಳಿಗೆ ಭಾರಿಯ ವಾಹನಗಳನ್ನು ಗುದ್ದಿಸಿದರೆಂದೂ ವಾಯುದಳದ ಇತಿಹಾಸವನ್ನು ಬರೆದವರು ಹೇಳುತ್ತಾರೆ. ಆಮೇಲೆ ಕೆಡಿಸಿದವರು ಹಡಗು ಹತ್ತಿದರು. ವಿಮಾನಗಳು ಗಂಗಾತೀರದ ಬಿಸಿಲು ಮಳೆಗಳಲ್ಲಿ ನಿಂತುಬಿಟ್ಟುವು.

ಎಲ್ಲ ಸಾಮಗ್ರಿಗೂ ಇದೇ ಗತಿಯಾಯಿತೆಂದು ತಿಳಿಯಬಾರದು. ಡಿಸ್ಪೋಜಲ್ ಎಂಬ ಶಬ್ದವನ್ನು ನಮ್ಮ ಹಳ್ಳಿಗಳ ಹಿರಿಯರೂ ಬಲ್ಲರು. ಜೀಪುಗಳು, ಲಾರಿಗಳು, ಡೇರೆಗಳು, ಕಂಬಳಿಗಳು ಹರಾಜಾಗಿ ಊರೂರಿಗೆ ಹೋದುವು. ಸಿಪಾಯಿಗಳನ್ನು ಸಾಗಿಸಿದ ಲಾರಿಯ ಚೌಕಟ್ಟಿನ ಮೇಲೆ ಮರದ ಮೈಯನ್ನು ಕಟ್ಟಿ ಸಂತೆಗೆ ಹೋಗುವ ಜನರನ್ನು ಕೂರಿಸಿದರು. ಸಾಮಾನು ಸಾಗಿಸುವ ಡಕೋಟಾ ವಿಮಾನಗಳಿಗೂ ಅದೃಷ್ಟವಿದ್ದಿತು. ಹೊಸದಾಗಿ ಹುಟ್ಟಿದ ವಿಮಾನ ಕಂಪೆನಿಗಳು ಅವನ್ನು ಕೊಂಡುವು. ಬೆಂಗಳೂರಿನ ಕಾರಖಾನೆಯವರು ಒಳಗೆ ಕುರ್ಚಿಗಳನ್ನು ಹಾಕಿ ಅವನ್ನು ನಾಗರಿಕರ ವಾಹನಗಳನ್ನಾಗಿ ಮಾರ್ಪಡಿಸಿದರು. ಬಾಂಬು ವಿಮಾನದಲ್ಲಿ ಯಾರು ಪ್ರಯಾಣ ಮಾಡುತ್ತಾರೆ? ಲಿಬರೇಟರುಗಳನ್ನು ಕೇಳುವವರೇ ಇರಲಿಲ್ಲ.

ಕೇಳುವ ಕಾಲ ಬೇಗನೆ ಬಂದಿತು. 1947ರ ಆಗಸ್ಟಿನಲ್ಲಿ ದೇಶ ಎರಡಾಯಿತು. ವಾಯುದಳವೂ ಎರಡು ಭಾಗವಾಯಿತು. ಅಕ್ಟೋಬರಿನಲ್ಲಿ ಕಾಶ್ಮೀರದ ಯುದ್ಧ ಹತ್ತಿಕೊಂಡಿತು. ಭಾರತದ ಬಳಿ ಭಾರವಾದ ಬಾಂಬು ವಿಮಾನ ಒಂದೂ ಇರಲಿಲ್ಲ. ಸಾಮಾನಿನ ಡಕೋಟಾಗಳಿಂದಲೇ ಬಾಂಬುಗಳನ್ನು ಕೈಯಿಂದ ಉರುಳಿಸುವ ಸ್ಥಿತಿ ಬಂದಿತು. ಹೊರಗಿನಿಂದ ಕೊಳ್ಳೋಣವೆಂದರೆ ಹಣವಿಲ್ಲ. ಹಣವಿದ್ದರೂ ಮಾರುವವರ ಮನಸ್ಸು ಬೇರೆ. ಆಗ ಕಾನ್ಪುರದ ಆ ಸಾಲು ನೆನಪಿಗೆ ಬಂದಿತು. ಅವನ್ನು ಮತ್ತೆ ಹಾರಿಸುವುದು ಆಗದ ಮಾತೆಂಬುದು ಪರದೇಶದ ತಜ್ಞರ ಅಭಿಪ್ರಾಯವಾಗಿತ್ತೆಂದು ಹೇಳುತ್ತಾರೆ. ಬೆಂಗಳೂರಿನ ಕಾರಖಾನೆಯವರು ಆಗುತ್ತದೆಂದರು.

ಆ ಕೆಲಸದ ಕಷ್ಟವೆಂಥದೆಂಬುದನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ವಿಮಾನವೆಂಬುದು ಗಾಡಿಯಲ್ಲ, ಗಾಡಿಯಲ್ಲಿ ತಪ್ಪಾದರೆ ರಸ್ತೆಯ ಪಕ್ಕಕ್ಕೆ ನಿಲ್ಲಿಸಬಹುದು. ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಹೊರಗಿನಿಂದ ಬೆಳ್ಳಗೆ ಹೊಳೆಯುತ್ತಿದ್ದರೂ ರಿವೆಟ್ಟುಗಳ ಸಾಲಿನ ಒಳಗೆ ಬೂದಿಯಂತೆ ಪುಡಿಯಾಗುತ್ತಿರಬಹುದು. ತೈಲದ ಕೊಳವೆಗಳ ರಬ್ಬರು ಬಿಸಿಲಿಗೆ ಗಡುಸಾಗಿ ಸೀಳುತ್ತದೆ. ಸಿಲಿಂಡರಿನ ಒಳಮೈಯಲ್ಲಿ ಒಂದು ಚಿಟಿಕೆ ಮರಳು ಉಳಿದರೂ ಸಾಕು, ಎಂಜಿನು ತನ್ನನ್ನು ತಾನೇ ಅರೆದುಕೊಳ್ಳುತ್ತದೆ. ಒಂದು ಎಂಜಿನಿಗೆ 14ರಂತೆ ನಾಲ್ಕು ಎಂಜಿನುಗಳಿಗೆ 56 ಸಿಲಿಂಡರುಗಳು. ಒಂದೊಂದನ್ನೂ ಬಿಚ್ಚಿ ನೋಡದೆ ನಂಬುವಂತಿಲ್ಲ. ಒಡೆದ ಉಪಕರಣಗಳಿಗೆ ಬದಲು ಕೊಳ್ಳಲು ಅಂಗಡಿಯಿಲ್ಲ.

ಆದರೆ ನೂರು ವಿಮಾನಗಳನ್ನು ಕೆಡಿಸುವವನಿಗೂ ಒಂದು ಮಿತಿಯುಂಟು. ಎಲ್ಲವನ್ನೂ ಎಲ್ಲ ಕಡೆಯಲ್ಲಿಯೂ ಒಂದೇ ಸಮನಾಗಿ ಕೆಡಿಸಲು ಅವನಿಂದಾಗದು. ಒಂದರ ಎಡರೆಕ್ಕೆ ಹೋಗಿದ್ದರೆ ಇನ್ನೊಂದರ ಎಡರೆಕ್ಕೆ ನೆಟ್ಟಗಿರುತ್ತದೆ. ಒಂದರ ಚಕ್ರದ ಕಾಲು ಮುರಿದಿದ್ದರೆ ಮತ್ತೊಂದರಲ್ಲಿ ಮುರಿಯದ ಕಾಲು ಸಿಕ್ಕುತ್ತದೆ. ನನ್ನ ಅಜ್ಜನ ಮನೆಯಲ್ಲಿ ಮಗ್ಗವನ್ನು ನಾನು ಬಲ್ಲೆ. ರಬಕವಿ ಬನಹಟ್ಟಿಗಳ ನೇಕಾರರು ಹಳೆಯ ಮಗ್ಗವನ್ನು ಸುಮ್ಮನೆ ಒಲೆಗೆ ಹಾಕುವವರಲ್ಲ. ಒಂದರ ಹಲಗೆ ಇನ್ನೊಂದಕ್ಕೆ, ಅದರ ಕುಂಟೆ ಮತ್ತೊಂದಕ್ಕೆ. ಮೂರು ಸತ್ತ ಮಗ್ಗಗಳಿಂದ ಒಂದು ಜೀವಂತ ಮಗ್ಗ ಏಳುತ್ತದೆ. ಕಾನ್ಪುರದಲ್ಲಿ ನಡೆದದ್ದೂ ತತ್ತ್ವದಲ್ಲಿ ಇದೇ. ಬೆಂಗಳೂರಿನಿಂದ ಹೋದ ತಂಡದವರು ಆ ಸಾಲಿನಲ್ಲಿ ಉತ್ತಮವಾದವನ್ನು ಆರಿಸಿದರು. ಉಳಿದವುಗಳ ಅಂಗಗಳನ್ನು ಕಳಚಿ ಇವಕ್ಕೆ ಕೂಡಿಸಿದರು. ಒಂದೇ ಒಂದು ಸಲ ಹಾರಿ ಬೆಂಗಳೂರನ್ನು ಮುಟ್ಟಿದರೆ ಸಾಕು ಎಂಬಷ್ಟು ಮಟ್ಟಿಗೆ ಅವನ್ನು ಸಿದ್ಧಮಾಡಿದರು. ಪೂರ್ಣ ಚಿಕಿತ್ಸೆ ಬೆಂಗಳೂರಿನಲ್ಲಿ. ಇಲ್ಲಿ ಪ್ರಥಮ ಚಿಕಿತ್ಸೆ ಮಾತ್ರ.

ಹಾರಿಸುವವರು ಯಾರು? ಕಾರಖಾನೆಯ ಮುಖ್ಯ ಪರೀಕ್ಷಾ ವೈಮಾನಿಕರಾಗಿದ್ದ ಜಮಶೇದ್ ಕೈಕೋಬಾದ್ ಮುನ್ಷಿಯವರು ಮುಂದೆ ಬಂದರು. ಸ್ನೇಹಿತರಿಗೆ ಅವರು ಜಿಮ್ಮಿ ಮುನ್ಷಿ. ಪಾರಸಿಗಳಾದ ಇವರ ಹೆಸರು ಬೆಂಗಳೂರಿನ ವಿಮಾನ ಚರಿತ್ರೆಯಲ್ಲಿ ಮತ್ತೊಂದು ಕಾರಣಕ್ಕೂ ನಿಂತಿದೆ. ಡಾಕ್ಟರ್ ವಿ. ಎಂ. ಘಾಟಗೆಯವರು ರೂಪಿಸಿದ ಎಚ್.ಟಿ. 2 ಎಂಬ ನಮ್ಮದೇ ವಿಮಾನವನ್ನು 1951ರ ಆಗಸ್ಟಿನಲ್ಲಿ ಮೊದಲು ಹಾರಿಸಿದವರೂ ಇವರೇ. ಕಾನ್ಪುರದಿಂದ ಬೆಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 950 ಮೈಲಿ. ಗಂಗೆಯ ಬಯಲಿನಿಂದ ಹೊರಟು, ವಿಂಧ್ಯವನ್ನು ದಾಟಿ, ನರ್ಮದೆ ಗೋದಾವರಿ ಕೃಷ್ಣೆ ತುಂಗಭದ್ರೆಗಳನ್ನು ದಾಟಿ ಬರಬೇಕು. ಕೆಳಗೆ ಎಲ್ಲೆಂದರಲ್ಲಿ ಇಳಿಯಲು ನೆಲೆಯಿಲ್ಲ. ಒಡೆದು ಕೂಡಿಸಿದ ಮೈ, ಮರಳು ತಿಂದು ತೊಳೆಸಿಕೊಂಡ ಎಂಜಿನು. ಅದರೊಳಗೆ ಕುಳಿತವನ ನಂಬಿಕೆ ಯಾವುದರ ಮೇಲೆ? ಕೆಳಗೆ ನಿಂತು ತಿರುಪನ್ನು ಬಿಗಿಮಾಡಿದ ಕೈಯ ಮೇಲೆ, ಅಷ್ಟೆ. ಹೀಗೆ ಒಂದಲ್ಲ, ಎರಡಲ್ಲ, 42 ಲಿಬರೇಟರುಗಳು ಬೆಂಗಳೂರನ್ನು ಸೇರಿದುವು. ಒಂದು ಸಾಹಸವು 42 ಸಲ ಯಶಸ್ವಿಯಾದರೆ ಅದನ್ನು ಅದೃಷ್ಟವೆನ್ನಲಾಗದು, ವಿದ್ಯೆ ಎನ್ನಬೇಕು.

ಬೆಂಗಳೂರಿನಲ್ಲಿ ಅವನ್ನು ಬಿಚ್ಚಿ, ಶೋಧಿಸಿ, ಮತ್ತೆ ಕಟ್ಟಿದರು. 1948ರ ನವೆಂಬರ್ 2ರಂದು ಕಾನ್ಪುರದಲ್ಲಿಯೇ, ಎಂದರೆ ಯಾವ ನೆಲದಲ್ಲಿ ಇವನ್ನು ಕೊಂದು ಹೋಗಿದ್ದರೋ ಅದೇ ನೆಲದಲ್ಲಿ, ಲಿಬರೇಟರುಗಳ 5ನೆಯ ಸ್ಕ್ವಾಡ್ರನ್ ಸ್ಥಾಪಿತವಾಯಿತು. ಆಗ ನಮ್ಮ ವಾಯುದಳದ ಮುಖ್ಯಸ್ಥರಾಗಿದ್ದವರು ಆಂಗ್ಲರಾದ ಏರ್ ಮಾರ್ಷಲ್ ಎಲ್ಮ್‌ಹರ್ಸ್ಟರು. ತಮ್ಮ ದೇಶದವರೇ ಕೆಡಿಸಿ ಬಿಟ್ಟುಹೋದ ವಿಮಾನಗಳು ತಮ್ಮ ಆಡಳಿತದಲ್ಲಿಯೇ ಎದ್ದು ಹಾರಿದ್ದನ್ನು ಅವರು ಕಾಣಬೇಕಾಯಿತು. 1951ರಲ್ಲಿ ಪುಣೆಯಲ್ಲಿ ಪುನಃ ಕಟ್ಟಿದ 6ನೆಯ ಸ್ಕ್ವಾಡ್ರನ್ನಿಗೂ ಲಿಬರೇಟರುಗಳು ಬಂದು ಸಮುದ್ರದ ಮೇಲಿನ ಕಾವಲು ಕೆಲಸಕ್ಕೆ ನಿಂತುವು. 5ನೆಯ ಸ್ಕ್ವಾಡ್ರನ್ನಿಗೆ 1957ರಲ್ಲಿ ಕ್ಯಾನ್‌ಬೆರಾ ಜೆಟ್ ವಿಮಾನಗಳು ಬಂದರೂ, 6ನೆಯದರಲ್ಲಿ ಲಿಬರೇಟರು 1968ರ ಕೊನೆಯವರೆಗೆ ಹಾರಿತು. ಕೆಡಿಸಿ ಎಸೆದದ್ದು ಇಪ್ಪತ್ತು ವರ್ಷ ದುಡಿಯಿತು! ಬೇರೆ ದೇಶಗಳ ಸೈನ್ಯಗಳು ಈ ವಿಮಾನವನ್ನು ಮರೆತ ಮೇಲೂ ಭಾರತದಲ್ಲಿ ಅದು ಬದುಕಿದ್ದಿತು.

ಇಲ್ಲಿಗೆ ಕಥೆ ಮುಗಿದರೆ ನಾವು ಹೆಮ್ಮೆಪಟ್ಟು ಸುಮ್ಮನಾಗಬಹುದಾಗಿತ್ತು. ಆದರೆ ಮುಂದಿನ ಅಧ್ಯಾಯ ಹೆಮ್ಮೆಯ ಜೊತೆಗೆ ಬೇರೊಂದು ಭಾವವನ್ನೂ ಉಂಟುಮಾಡತಕ್ಕದ್ದು. 1968ರ ಹೊತ್ತಿಗೆ, ಸಾವಿರ ಸಾವಿರ ಲಿಬರೇಟರುಗಳನ್ನು ಕಟ್ಟಿದ ನಾಡಿನಲ್ಲಿ ಅವು ಕರಗಿ ಪಾತ್ರೆ ತಗಡುಗಳಾಗಿಹೋಗಿದ್ದುವು. ತಮ್ಮ ಅಣ್ಣತಮ್ಮಂದಿರು ಹಾರಿಸಿದ ವಿಮಾನವನ್ನು ಮಕ್ಕಳಿಗೆ ತೋರಿಸಬೇಕೆಂದರೆ ತೋರಿಸಲು ಒಂದು ಸಿಕ್ಕುವುದು ಕಷ್ಟವಾಯಿತು. ಆಗ ಲೋಕದ ವಸ್ತುಸಂಗ್ರಹಾಲಯಗಳ ದೃಷ್ಟಿ ಭಾರತದ ಕಡೆಗೆ ತಿರುಗಿತು. 1968ರಲ್ಲಿ ಒಂದು ಕೆನಡಾಕ್ಕೆ ಹೋಯಿತು. ಮರುವರ್ಷ ಒಂದು ಅಮೆರಿಕದ ಅರಿಜೋನಾ ಸಂಸ್ಥಾನದ ಪಿಮಾ ಸಂಗ್ರಹಾಲಯಕ್ಕೆ. 1974ರಲ್ಲಿ ಒಂದು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿಗೆ. ಬಿಸಾಡಿ ಹೋದವರೇ ಕೈನೀಡಿ ಕೇಳಿ ಪಡೆದುಕೊಂಡರು. ಪ್ರಪಂಚದಲ್ಲಿ ಇಂದು ಪೂರ್ಣರೂಪದಲ್ಲಿ ಉಳಿದಿರುವ ಲಿಬರೇಟರುಗಳು ಬಹಳ ಸ್ವಲ್ಪ. ಅವುಗಳಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಬೆಂಗಳೂರಿನ ಕೈಯಿಂದ ಜೀವ ಪಡೆದವು. ನಮ್ಮ ದೆಹಲಿಯ ಪಾಲಂನ ವಾಯುದಳ ಸಂಗ್ರಹಾಲಯದಲ್ಲಿಯೂ ಒಂದುಂಟು.

ಇವುಗಳಲ್ಲಿ ಒಂದರ ಜಾತಕ ಬಹು ವಿಚಿತ್ರವಾದುದು. 1944ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹುಟ್ಟಿ, ಬ್ರಿಟಿಷ್ ವಾಯುದಳಕ್ಕೆ ಸೇರಿ, ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ತೊರೆಯಲ್ಪಟ್ಟು, ಬೆಂಗಳೂರಿನಲ್ಲಿ ಪುನರ್ಜನ್ಮ ತಾಳಿ, 1968ರವರೆಗೆ ಭಾರತಕ್ಕೆ ದುಡಿದ ವಿಮಾನವದು. ಆಮೇಲೆ ಅದು ಎರಡನೆಯ ಸಲ ತೊರೆಯಲ್ಪಟ್ಟಿತು. ಈ ಸಲ ತೊರೆದವರು ನಾವೇ. ಬೆಂಗಳೂರಿನಲ್ಲಿ 13 ವರ್ಷ ಅದು ಸುಮ್ಮನೆ ನಿಂತಿತು. 1981ರಲ್ಲಿ ಇಂಗ್ಲೆಂಡಿನ ಸಂಗ್ರಾಹಕರೊಬ್ಬರು ಅದನ್ನು ಕೊಂಡು, ಬಿಚ್ಚಿಸಿ, ಇನ್ನೊಂದು ದೊಡ್ಡ ವಿಮಾನದ ಹೊಟ್ಟೆಯಲ್ಲಿಟ್ಟು ಒಯ್ದರು. 1984ರಲ್ಲಿ ಅದು ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಎಂಬ ಸಂಸ್ಥೆಗೆ ಸೇರಿತು. ಅವರು ಮೊದಲು ಅದನ್ನು ನೋಟಕ್ಕೆ ನಿಲ್ಲಿಸಿದರೆ ಸಾಕೆಂದುಕೊಂಡಿದ್ದರು. ಆ ಯುದ್ಧದಲ್ಲಿ ಹಾರಿದ್ದ ವೃದ್ಧರು, ಹಾರಿಸಲೇಬೇಕೆಂದು ಒತ್ತಾಯಪಡಿಸಿದರು. ಹತ್ತಿರ ಹತ್ತಿರ ಒಂದು ಲಕ್ಷ ಗಂಟೆಗಳ ದುಡಿಮೆಯಾಯಿತೆಂದು ಆ ಸಂಸ್ಥೆಯವರೇ ಲೆಕ್ಕ ಹೇಳಿದ್ದಾರೆ. 1989ರಲ್ಲಿ ಅದು ಮತ್ತೆ ಆಕಾಶಕ್ಕೆ ಏರಿತು. ಮುಂದೆ ಅನೇಕ ವರ್ಷಗಳ ಕಾಲ ಅಮೆರಿಕದ ಊರೂರುಗಳಿಗೆ ಹೋಗಿ ಜನರಿಗೆ ದರ್ಶನ ಕೊಟ್ಟಿತು.

ಈ ಎರಡು ಜೀರ್ಣೋದ್ಧಾರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನಾವು 1948ರಲ್ಲಿ ಸರಿಪಡಿಸಿದ್ದು ಅವಶ್ಯಕತೆಯಿಂದ. ಅವರು 1989ರಲ್ಲಿ ಸರಿಪಡಿಸಿದ್ದು ಸ್ಮರಣೆಗಾಗಿ. ಅವಶ್ಯಕತೆ ಇರುವವರೆಗೆ ನಮ್ಮಷ್ಟು ಚೆನ್ನಾಗಿ ವಸ್ತುವನ್ನು ಉಳಿಸಿಕೊಳ್ಳುವವರು ಇನ್ನೊಬ್ಬರಿಲ್ಲ. ಹರಿದ ಸೀರೆ ಕೌದಿಯಾಗುತ್ತದೆ. ಕೌದಿ ಹರಿದರೆ ಒರಸುವ ಬಟ್ಟೆಯಾಗುತ್ತದೆ. ಆದರೆ ಅವಶ್ಯಕತೆ ಮುಗಿದ ದಿನ ನಾವು ಆ ವಸ್ತುವಿನ ಕಡೆಗೆ ತಿರುಗಿ ನೋಡುವುದಿಲ್ಲ. ಉಪಯೋಗವಿಲ್ಲದ ಮೇಲೆ ಅದು 150 ರೂಪಾಯಿಯ ಲೋಹ. ಇದು ಬಡತನದ ದೋಷವೇ ಎಂದರೆ, ಪೂರ್ತಿಯಾಗಿ ಅಲ್ಲ. 1854ರಲ್ಲಿ ವಿಜಾಪುರದ ತೋಪನ್ನು ಹರಾಜಿಗೆ ಹಾಕಿದ್ದು ಬಡವರಲ್ಲ, ಸಾಮ್ರಾಜ್ಯದವರು; ಅದನ್ನು ಪೂಜಿಸುತ್ತಿದ್ದವರೇ ಬಡವರು. ಯಾವ ವಸ್ತುವನ್ನು ಯಾರು ಮಾಡಿದರು, ಯಾರು ಕಾಪಾಡಿದರು ಎಂಬ ನೆನಪು ಅದರ ಜೊತೆಯಲ್ಲಿ ಇರುತ್ತದೆಯೋ ಆ ವಸ್ತುವನ್ನು ಹರಾಜು ಹಾಕಲು ಕೈ ಹಿಂಜರಿಯುತ್ತದೆ. ನೆನಪು ಕಳಚಿಕೊಂಡ ವಸ್ತುವಿಗೆ ತೂಕ ಮಾತ್ರ ಉಳಿಯುತ್ತದೆ.

ಈಚೆಗೆ ನಮ್ಮಲ್ಲಿಯೂ ಈ ವಿಷಯದಲ್ಲಿ ಕಣ್ಣು ತೆರೆದಿದೆ. ಬೆಂಗಳೂರಿನಲ್ಲಿ ವಿಮಾನ ಕಾರಖಾನೆಯವರ ಸಂಗ್ರಹಾಲಯ 2001ರಲ್ಲಿ ಆರಂಭವಾಯಿತು. ಕರ್ಣಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರರು, ಡಕೋಟಾ ವೈಮಾನಿಕರಾಗಿದ್ದ ತಮ್ಮ ತಂದೆಯವರ ಗೌರವಾರ್ಥವಾಗಿ, ಮೋಡಕಾಗೆ ಬಿದ್ದಿದ್ದ ಒಂದು ಡಕೋಟಾವನ್ನು 2011ರಲ್ಲಿ ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, ವಾಯುದಳಕ್ಕೆ ಕಾಣಿಕೆಯಾಗಿ ಕೊಟ್ಟರು. ಅದು 2018ರಲ್ಲಿ ಹಾರಿಕೊಂಡೇ ಭಾರತಕ್ಕೆ ಬಂದಿತು. 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಇಳಿದ ಡಕೋಟಾವಿನ ನೆನಪಿಗಾಗಿ ಅದಕ್ಕೆ ವಿ.ಪಿ. 905 ಎಂಬ ಅಂಕಿತವನ್ನೂ 'ಪರಶುರಾಮ' ಎಂಬ ಹೆಸರನ್ನೂ ಕೊಟ್ಟಿದ್ದಾರೆ. ಮಗನು ತಂದೆಯನ್ನು ನೆನೆದುದರಿಂದ ಒಂದು ವಿಮಾನ ಉಳಿಯಿತು. ಇಲ್ಲಿಯೂ ವಸ್ತುವನ್ನು ಉಳಿಸಿದ್ದು ನೆನಪೇ.

ಕೊನೆಯದಾಗಿ ಒಂದು ಮಾತು. ಈ ಲಿಬರೇಟರುಗಳ ಕಥೆಯನ್ನು ನಾನು ಒಮ್ಮೆ ತರಗತಿಯಲ್ಲಿ ಹೇಳಿದಾಗ, ಹಿಂದಿನ ಬೆಂಚಿನಲ್ಲಿದ್ದ ಬನಹಟ್ಟಿಯ ಹುಡುಗನೊಬ್ಬನು ಎದ್ದು ನಿಂತು, "ಸರ್, ಹಾರಿಸಿದವರ ಹೆಸರು ಹೇಳಿದ್ರಿ. ರಿಪೇರಿ ಮಾಡಿದವರ ಹೆಸರೇನ್ರಿ?" ಎಂದು ಕೇಳಿದನು. ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ನೇಕಾರರ ಮನೆಯ ಹುಡುಗನಿಗಲ್ಲದೆ ಮತ್ತೆ ಯಾರಿಗೆ ಆ ಪ್ರಶ್ನೆ ಹೊಳೆಯಬೇಕು? ಸೀರೆಯನ್ನು ಉಟ್ಟವರ ಹೆಸರು ಹಾಡಿನಲ್ಲಿ ಬರುತ್ತದೆ. ನೇದವನ ಹೆಸರು ಸೆರಗಿನಲ್ಲಿಯೂ ಇರುವುದಿಲ್ಲ. ಮಲಿಕ್-ಎ-ಮೈದಾನಿನ ಎರಕಗಾರನ ಹೆಸರು ಅದರ ಮೈಮೇಲೆಯೇ ಕೆತ್ತಿರುವುದರಿಂದ ನಾಲ್ಕು ನೂರು ವರ್ಷಗಳ ಮೇಲೂ ನಾವು ಮುಹಮ್ಮದ್ ಬಿನ್ ಹಸನ್ ರೂಮಿ ಎನ್ನುತ್ತೇವೆ. 42 ಲಿಬರೇಟರುಗಳಿಗೆ ಜೀವ ಕೊಟ್ಟ ಫಿಟ್ಟರುಗಳು, ತಗಡಿನ ಕೆಲಸದವರು, ಬಣ್ಣದವರು, ವಿದ್ಯುತ್ತಿನವರು, ಕಾನ್ಪುರದ ಬಯಲಿನಲ್ಲಿ ಮರಳು ತುಂಬಿದ ಸಿಲಿಂಡರುಗಳನ್ನು ತೊಳೆದವರು, ಇವರ ಹೆಸರುಗಳು ಅಚ್ಚಾದ ಚರಿತ್ರೆಯಲ್ಲಿ ದೊರೆಯುವುದು ಬಹಳ ಅಪರೂಪ.

ಆದರೆ ಆ ಹೆಸರುಗಳು ಇಲ್ಲವೇ ಇಲ್ಲವೆಂದಲ್ಲ. ಅವು ಮನೆಗಳಲ್ಲಿವೆ. ಬೆಂಗಳೂರಿನ ಎಷ್ಟೋ ಮನೆಗಳ ಗೋಡೆಯ ಮೇಲೆ, ಕಾರಖಾನೆಯ ಬಾಗಿಲಲ್ಲಿ ಸಾಲಾಗಿ ನಿಂತು ತೆಗೆಸಿಕೊಂಡ ಹಳೆಯ ಚಿತ್ರಗಳುಂಟು. ಟ್ರಂಕಿನ ತಳದಲ್ಲಿ ಬಿಲ್ಲೆಗಳು, ಸಂಬಳದ ಚೀಟಿಗಳು, ತಾತನ ಸ್ಪ್ಯಾನರುಗಳು ಉಂಟು. ಆ ತಾತಂದಿರು ಇಂದು ಬದುಕಿರುವುದು ವಿರಳ. ಅವರ ಮಾತನ್ನು ಕೇಳಿದ ಮಕ್ಕಳು ಇನ್ನೂ ಇದ್ದಾರೆ. ಕೇಳುತ್ತಿರುವವರಲ್ಲಿ ಅಂಥವರು ಯಾರಾದರೂ ಇದ್ದರೆ ನನ್ನದೊಂದು ಬಿನ್ನಹ. ಚಿತ್ರವನ್ನು ಗೋಡೆಯಿಂದ ಇಳಿಸಿ, ಅದರ ಹಿಂಬದಿಯಲ್ಲಿ ನಿಮಗೆ ತಿಳಿದಿರುವ ಹೆಸರುಗಳನ್ನು ಬರೆದಿಡಿರಿ. ಕೇಳಿದ ಒಂದೆರಡು ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದು ಅದರೊಡನೆ ಇಡಿರಿ. ಇದಕ್ಕೆ ಒಂದು ಲಕ್ಷ ಗಂಟೆ ಬೇಡ. ಒಂದು ಸಂಜೆ ಸಾಕು. ಒಂದು ಕಾಗದದಿಂದ ಒಂದು ತೋಪು ಉಳಿದ ನಾಡು ನಮ್ಮದು. ಒಂದು ಕಾಗದದಿಂದ ಒಬ್ಬ ಮನುಷ್ಯನ ಹೆಸರು ಉಳಿಯಲಾರದೆ?